ಕೀಬೋರ್ಡಿನ ಮೆಮೊರಿ ಮತ್ತು ವೇದಿಕೆಯ ಸಾಥ್

ಗಣೇಶೋತ್ಸವದ ಪೆಂಡಾಲಿನ ರಸಮಂಜರಿಯಾಗಲಿ, ಮಠದ ಜಾತ್ರೆಯಲ್ಲಿ ಏರ್ಪಡುವ ವಚನ ಗಾಯನವಾಗಲಿ, ಸವಾಯಿ ಗಂಧರ್ವ ಕಲಾಮಂದಿರದಂಥ ಸಭಾಗೃಹದಲ್ಲಿ ನಡೆಯುವ ಭಾವಗೀತೆಗಳ ಸಂಜೆಯಾಗಲಿ, ಹುಬ್ಬಳ್ಳಿ-ಧಾರವಾಡದ ವೇದಿಕೆಗಳಲ್ಲಿ ಗಾಯಕರ ಪಕ್ಕಕ್ಕೆ ನಿಲ್ಲುವ ಕೀಬೋರ್ಡ್ ವಾದಕರ ಮೇಲೆ ಇಂದು ಬಿದ್ದಿರುವ ಹೊಣೆಯು ಹಿಂದೆ ಕೊಳಲು, ಪಿಟೀಲು, ಸಿತಾರ, ಅಕಾರ್ಡಿಯನ್, ಗಿಟಾರ್ ಹಿಡಿದ ಹಲವರು ಹಂಚಿಕೊಳ್ಳುತ್ತಿದ್ದ ಹೊಣೆಯಾಗಿದೆ. ಚಿತ್ರಗೀತೆಯೊಂದರ ಆರಂಭದ ಬಿಜಿಎಂನಲ್ಲಿ, ಅಂದರೆ ಗಾಯನಕ್ಕೆ ಮುಂಚಿನ ವಾದ್ಯಸಂಗೀತದಲ್ಲಿ, ಪಿಟೀಲುಗಳ ಸಮೂಹ ಕೇಳಬೇಕು. ಪಲ್ಲವಿ ಶುರುವಾದೊಡನೆ ಅದು ಹಿಂದೆ ಸರಿದು ಗಿಟಾರಿನ ಮೆಲುಮೀಟು ಮಾತ್ರ ಉಳಿಯಬೇಕು. ಪಲ್ಲವಿ ಮುಗಿದು ಚರಣ ಬರುವ ನಡುವಿನ ಬಿಟ್‌ನಲ್ಲಿ ಕೊಳಲು ಹಾಡಬೇಕು. ಈ ಒಂದೊಂದು ಬದಲಾವಣೆಗೂ ವಾದಕರಿಗೆ ಸಿಗುವುದು ಒಂದೆರಡು ಮಾತ್ರೆಗಳ ಬಿಡುವು. ಅಷ್ಟರಲ್ಲಿ ನೂರಾರು ಟೋನ್‌ಗಳ ಪಟ್ಟಿಯಿಂದ ಬೇಕಾದುದನ್ನು ಹುಡುಕಿ, ಅದರ ಧ್ವನಿಮಟ್ಟವನ್ನು ಸರಿಪಡಿಸಿ, ಪ್ರತಿಧ್ವನಿಯ ಪ್ರಮಾಣವನ್ನು ಹೊಂದಿಸುವುದು ಯಾರಿಂದಲೂ ಆಗುವ ಕೆಲಸವಲ್ಲವಾದ್ದರಿಂದ, ಆ ಹೊಂದಾಣಿಕೆಯನ್ನೆಲ್ಲ ಮನೆಯಲ್ಲೇ ಮುಗಿಸಿ ಒಂದು ಗುಂಡಿಯ ಅಡಿ ಕೂಡಿಟ್ಟು, ವೇದಿಕೆಯಲ್ಲಿ ಆ ಗುಂಡಿಯೊಂದನ್ನೇ ಒತ್ತುವ ಅನುಕೂಲವನ್ನು ಈ ವಾದ್ಯಗಳಲ್ಲಿ ಒದಗಿಸಲಾಗಿದೆ. ಏನನ್ನು ಕೂಡಿಡಬೇಕು, ಹೇಗೆ ವಿಂಗಡಿಸಬೇಕು, ಯಾವ ಗಳಿಗೆಯಲ್ಲಿ ಬದಲಿಸಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಸಾಥ್ ನೀಡುವ ಕಲೆಯ ಒಂದು ಅಂಗವೆಂದೇ ತಿಳಿಯಬೇಕಾಗಿದೆ.

ಅರೇಂಜರ್ ಕೀಬೋರ್ಡ್ ಎಂದರೆ ಎಡಗೈ ಹಿಡಿದ ಸ್ವರಮೇಳವನ್ನು, ಅಂದರೆ ಕಾರ್ಡನ್ನು, ಗುರುತಿಸಿ ಅದಕ್ಕೆ ತಕ್ಕಂತೆ ತಾಳವಾದ್ಯ, ಬೇಸ್ ಮುಂತಾದ ಹಿನ್ನೆಲೆಯನ್ನು ತಾನಾಗಿಯೇ ನುಡಿಸುವ ವಾದ್ಯ. ಈ ಹಿನ್ನೆಲೆಯ ಮಾದರಿಗೆ ಸ್ಟೈಲ್ ಎಂದೂ, ಬಲಗೈ ನುಡಿಸುವ ನಾದದ ಬಗೆಗೆ ಟೋನ್ ಅಥವಾ ವಾಯ್ಸ್ ಎಂದೂ ಹೆಸರು. ರೋಲ್ಯಾಂಡ್ ಕಂಪನಿಯ ಇ-20 ಮಾದರಿ 1988ರಲ್ಲೂ, ಕೊರ್ಗ್ ಕಂಪನಿಯ ಐ3 ಮಾದರಿ 1993ರಲ್ಲೂ ಬಂದು ಈ ಬಗೆಯ ವಾದ್ಯಕ್ಕೆ ವೃತ್ತಿಪರ ವೇದಿಕೆಯಲ್ಲಿ ಜಾಗ ದೊರಕಿಸಿದವು. ಮುಂದೆ ಯಮಾಹಾದ ಪಿಎಸ್‌ಆರ್-ಐ ಶ್ರೇಣಿಯಂಥ, ತಬಲಾ, ಸಿತಾರ, ಶಹನಾಯಿಗಳ ನಾದವನ್ನೂ ಭಾರತೀಯ ಲಯಗಳನ್ನೂ ಅಡಕಗೊಳಿಸಿದ ಮಾದರಿಗಳು ನಮ್ಮ ದೇಶಕ್ಕೆಂದೇ ತಯಾರಾದವು. ಕೂಡಿಡುವ ಅನುಕೂಲವನ್ನು ಯಮಾಹಾ ಮತ್ತು ಕ್ಯಾಸಿಯೋ ವಾದ್ಯಗಳಲ್ಲಿ ರಿಜಿಸ್ಟ್ರೇಷನ್ ಎಂದೂ, ಕೊರ್ಗ್ ವಾದ್ಯಗಳಲ್ಲಿ ಮಾದರಿಗೆ ತಕ್ಕಂತೆ ಪರ್ಫಾರ್ಮೆನ್ಸ್, ಕೀಬೋರ್ಡ್ ಸೆಟ್, ಸಾಂಗ್‌ಬುಕ್ ಎಂದೂ ಕರೆಯುತ್ತಾರೆ. ಇವುಗಳ ನಡುವೆ ವಿವರದ ಭೇದವಿದ್ದರೂ ತತ್ತ್ವ ಒಂದೇ ಆದ್ದರಿಂದ ಇಲ್ಲಿ ಎಲ್ಲಕ್ಕೂ ವಾದಕರ ಬಾಯಲ್ಲಿರುವ ಮೆಮೊರಿ ಎಂಬ ಮಾತನ್ನೇ ಬಳಸಲಾಗಿದೆ.

ಉತ್ತರ ಕರ್ನಾಟಕದ ರಂಗಸಂಗೀತವನ್ನು ಬಲ್ಲವರಿಗೆ ಈ ಕಲ್ಪನೆ ಅಪರಿಚಿತವಾಗಿ ತೋರಲಾರದು. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘಗಳಂಥ ವೃತ್ತಿ ಕಂಪನಿಗಳ ಕಾಲದಲ್ಲಿ ರಂಗದ ಮುಂದೆ ಕೂತ ಪೇಟಿ ಮಾಸ್ತರರು ಕಾಲಿನಿಂದ ತಿದಿಯೊತ್ತುವ ಲೆಗ್ ಹಾರ್ಮೋನಿಯಂ ನುಡಿಸುವಾಗ, ಎರಡು ಕೈಗಳೂ ಮನೆಗಳ ಮೇಲಿರುತ್ತಿದ್ದರೂ ಹಾಡಿನ ಸ್ವಭಾವ ಬದಲಾದಾಗ ಒಂದು ಕೈ ಗಳಿಗೆ ಮಾತ್ರ ಬಿಡುವಾಗಿ ಪೆಟ್ಟಿಗೆಯ ಹಿಡಿಯೊಂದನ್ನು ಎಳೆಯುತ್ತಿತ್ತು. ಪೇಟಿಯೊಳಗೆ ಮಂದ್ರದ್ದೊಂದು, ಮಧ್ಯದ್ದೊಂದು ಎಂದು ಎರಡು ಮೂರು ಸಾಲು ರೀಡುಗಳಿದ್ದು, ಹಿಡಿ ಎಳೆದಾಗ ಆಯಾ ಸಾಲಿಗೆ ಗಾಳಿಯ ದಾರಿ ತೆರೆಯುತ್ತದೆ. ಕಪ್ಲರ್ ಹಾಕಿದರೆ ಒತ್ತಿದ ಸ್ವರದ ಜೊತೆಗೆ ಅದರ ಮೇಲಿನ ಇಲ್ಲವೆ ಕೆಳಗಿನ ಸಪ್ತಕದ ಸ್ವರವೂ ಏಳುತ್ತದೆ. ನಾಯಕನ ಏರುದನಿಯ ಪದಕ್ಕೆ ಎಲ್ಲ ಸಾಲು ತೆರೆದು, ಶೋಕದ ಪದಕ್ಕೆ ಒಂದೇ ಸಾಲು ಉಳಿಸುವ ಆ ವಿವೇಕವೇ ಇಂದಿನ ಮೆಮೊರಿಯ ಹಿಂದೆಯೂ ಇರುವುದು.

ಯುರೋಪಿನ ಚರ್ಚುಗಳ ಪೈಪ್ ಆರ್ಗನ್‌ನಲ್ಲಿ ಇಂಥ ಹಿಡಿಗಳು ಹತ್ತಾರಿದ್ದುದರಿಂದ, ಹಲವನ್ನು ಒಟ್ಟಿಗೆ ಬದಲಿಸುವ ಉಪಾಯ ಅಲ್ಲಿ ಬೇಗ ಹುಟ್ಟಿತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಹೆನ್ರಿ ವಿಲಿಸ್ ಕಟ್ಟಿದ ಆರ್ಗನ್‌ನಲ್ಲಿ ಹೆಬ್ಬೆರಳಿನಿಂದ ಒತ್ತುವ ಗುಂಡಿಗಳು ಈ ಕೆಲಸ ಮಾಡುತ್ತಿದ್ದವು. ವಿದ್ಯುನ್ಮಾನ ವಾದ್ಯಗಳಿಗೆ ಅದೇ ಅನುಕೂಲ ಬರಲು ಮತ್ತೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆರಂಭದ ಸಿಂಥಸೈಜರ್‌ಗಳಲ್ಲಿ ಒಂದು ನಾದವನ್ನು ರೂಪಿಸಿದ ಮೇಲೆ ಅದು ಮತ್ತೆ ಬೇಕಾದರೆ ಪ್ರತಿ ತಿರುಗುಗುಂಡಿಯ ಸ್ಥಾನವನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು. 1978ರಲ್ಲಿ ಅಮೆರಿಕದ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್ ಕಂಪನಿ ಹೊರತಂದ ಪ್ರಾಫೆಟ್-5 ಮೈಕ್ರೊಪ್ರೊಸೆಸರಿನ ಬಲದಿಂದ 40 ನಾದಗಳನ್ನು ನೆನಪಿಟ್ಟುಕೊಂಡು, ಗುಂಡಿ ಒತ್ತಿದೊಡನೆ ಮರಳಿಸತೊಡಗಿತು. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಾಮಾನ್ಯ ಸಂಕೇತಪದ್ಧತಿಯು ಒಂದು ವಾದ್ಯ ಇನ್ನೊಂದಕ್ಕೆ 'ಇಂಥ ಸಂಖ್ಯೆಯ ನಾದಕ್ಕೆ ಬದಲಾಗು' ಎಂದು ಆಜ್ಞೆ ಕೊಡುವುದನ್ನೂ ಸಾಧ್ಯವಾಗಿಸಿತು.

ಅರೇಂಜರ್ ಕೀಬೋರ್ಡಿನ ಒಂದು ಮೆಮೊರಿಯಲ್ಲಿ ಸೇರುವ ಸಂಗತಿಗಳು ಹಲವು. ಬಲಗೈಯ ಒಂದೆರಡು ಅಥವಾ ಮೂರು ಟೋನ್‌ಗಳು, ಎಡಗೈಯ ಟೋನ್, ಅವುಗಳ ಪರಸ್ಪರ ಧ್ವನಿಮಟ್ಟ, ಕೀಬೋರ್ಡು ಎಲ್ಲಿ ಎರಡಾಗಿ ಒಡೆಯಬೇಕೆಂಬ ಸ್ಪ್ಲಿಟ್ ಬಿಂದು, ಸ್ಟೈಲ್ ಮತ್ತು ಅದರ ವೇಗ, ಟ್ರಾನ್ಸ್‌ಪೋಸ್ ಎಂದು ಕರೆಯುವ ಶ್ರುತಿಯ ಏರಿಳಿತ, ಪ್ರತಿಧ್ವನಿಯ ಬಗೆ, ಪೆಡಲಿನ ಕೆಲಸ, ಇವೆಲ್ಲವೂ ಸಾಮಾನ್ಯವಾಗಿ ಅದರೊಳಗೆ ಬರುತ್ತವೆ. ವಾದ್ಯದ ಮುಖ್ಯ ಧ್ವನಿಗುಂಡಿಯ ಸ್ಥಾನ ಮಾತ್ರ ಬರುವುದಿಲ್ಲ. ಮೆಮೊರಿಗಳನ್ನು ಬ್ಯಾಂಕ್ ಎಂಬ ಗುಂಪುಗಳಲ್ಲಿ ಜೋಡಿಸಲಾಗಿರುತ್ತದೆ. ಯಮಾಹಾದ ಪಿಎಸ್‌ಆರ್-ಐ500 ಮಾದರಿಯಲ್ಲಿ ನಾಲ್ಕು ಗುಂಡಿಗಳ ಎಂಟು ಬ್ಯಾಂಕ್‌ಗಳಿದ್ದು ಒಟ್ಟು 32 ಹೊಂದಾಣಿಕೆಗಳನ್ನು ಇರಿಸಬಹುದು. 2017ರಲ್ಲಿ ಬಂದ ದೊಡ್ಡ ಮಾದರಿಯಾದ ಜೆನೋಸ್‌ನಲ್ಲಿ ಒಂದು ಬ್ಯಾಂಕಿಗೆ ಹತ್ತು ಗುಂಡಿಗಳಿದ್ದು, ಪ್ರತಿ ಬ್ಯಾಂಕನ್ನೂ ಹೆಸರಿಟ್ಟ ಕಡತವಾಗಿ ಉಳಿಸಬಹುದು.

ಇಲ್ಲಿ ಎಲ್ಲರೂ ಮನಗಾಣಬೇಕಾದ ಒಂದು ಮುಖ್ಯ ಸಂಗತಿಯಿದೆ. ಮೆಮೊರಿ ನಾದವನ್ನಾಗಲಿ ಸ್ಟೈಲನ್ನಾಗಲಿ ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅವು ವಾದ್ಯದಲ್ಲಿ ಅಥವಾ ಪೆನ್‌ಡ್ರೈವಿನಲ್ಲಿ ಎಲ್ಲಿವೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಗೆಳೆಯರಿಂದ ಪಡೆದ ಢೋಲಕಿನ ಸ್ಟೈಲೊಂದು ಪೆನ್‌ಡ್ರೈವಿನಲ್ಲಿದ್ದು, ಅದನ್ನು ಮೆಮೊರಿಗೆ ಸೇರಿಸಿದ ಬಳಿಕ ಆ ಕಡತವನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಇಲ್ಲವೆ ಅದರ ಹೆಸರು ಬದಲಿಸಿದರೆ, ಗುಂಡಿ ಒತ್ತಿದಾಗ ಟೋನ್‌ಗಳು ಬರುತ್ತವೆ, ಸ್ಟೈಲ್ ಬರುವುದಿಲ್ಲ. ಮೊದಲು ಕಡತಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಆಮೇಲೆ ಮೆಮೊರಿ ಮಾಡಿ, ಆ ಜೋಡಣೆಯನ್ನು ಮತ್ತೆ ಕದಲಿಸದಿರುವುದೊಂದೇ ಇದಕ್ಕೆ ಪರಿಹಾರ.

ಪ್ರತಿ ಸ್ಟೈಲಿನೊಂದಿಗೆ ಕಂಪನಿಯವರೇ ಹೊಂದಿಸಿಟ್ಟ ನಾಲ್ಕು ಟೋನ್‌ಗಳ ಸಿದ್ಧ ವ್ಯವಸ್ಥೆಯೂ ಅನೇಕ ವಾದ್ಯಗಳಲ್ಲಿರುತ್ತದೆ; ಯಮಾಹಾ ಅದನ್ನು ಒನ್ ಟಚ್ ಸೆಟ್ಟಿಂಗ್ ಎಂದೂ, ಕೊರ್ಗ್ ಸಿಂಗಲ್ ಟಚ್ ಸೆಟ್ಟಿಂಗ್ ಎಂದೂ ಕರೆಯುತ್ತವೆ. ಸಭೆಯಿಂದ ಅನಿರೀಕ್ಷಿತವಾಗಿ ಫರ್ಮಾಯಿಷ್ ಬಂದಾಗ ಅದು ಕೈಹಿಡಿಯುತ್ತದೆ. ಆದರೆ ಇಡೀ ಕಾರ್ಯಕ್ರಮವನ್ನು ಅದರ ಮೇಲೆಯೇ ನಡೆಸಿದಾಗ ಎಲ್ಲ ಹಾಡುಗಳಿಗೂ ಒಂದೇ ಬಣ್ಣ ಬಂದುಬಿಡುತ್ತದೆ.

ಮೆಮೊರಿಗಳನ್ನು ವಿಂಗಡಿಸುವಾಗ ಹೊಸಬರು ಸಹಜವಾಗಿ ಹಿಡಿಯುವ ದಾರಿಯೆಂದರೆ ವಾದ್ಯಗಳ ಪ್ರಕಾರ ಜೋಡಿಸುವುದು: ಒಂದು ಬ್ಯಾಂಕಿನಲ್ಲಿ ಕೊಳಲುಗಳು, ಮತ್ತೊಂದರಲ್ಲಿ ಪಿಟೀಲುಗಳು. ಇದು ಅಭ್ಯಾಸಕ್ಕೆ ಸರಿ, ವೇದಿಕೆಗೆ ತಕ್ಕುದಲ್ಲ. ಯಾಕೆಂದರೆ ಒಂದೇ ಹಾಡಿನೊಳಗೆ ಕೊಳಲಿನಿಂದ ಪಿಟೀಲಿಗೆ ಹೋಗಬೇಕಾದಾಗ ಬ್ಯಾಂಕನ್ನೇ ದಾಟಬೇಕಾಗುತ್ತದೆ ಮತ್ತು ಅದಕ್ಕೆ ಎರಡು ಮೂರು ಒತ್ತು ಬೇಕಾಗುತ್ತದೆ. ಒಂದು ಹಾಡಿಗೆ ಒಂದು ಬ್ಯಾಂಕ್ ಎಂಬ ನಿಯಮವೇ ಮೇಲು. ಚಿತ್ರಗೀತೆಯೊಂದಕ್ಕೆ ಮೊದಲ ಗುಂಡಿಯಲ್ಲಿ ಆರಂಭದ ಬಿಜಿಎಂ, ಎರಡನೆಯದರಲ್ಲಿ ಪಲ್ಲವಿ ಮತ್ತು ಚರಣಗಳ ಹಿಂದೆ ನಿಲ್ಲುವ ಮೃದುವಾದ ಟೋನ್, ಮೂರು ಮತ್ತು ನಾಲ್ಕರಲ್ಲಿ ನಡುವಿನ ಎರಡು ಬಿಟ್‌ಗಳು ಎಂದು ಇರಿಸಿದರೆ ಗಾಯನ ನಡೆಯುವಾಗಲೆಲ್ಲ ಬೆರಳು ಎರಡನೆಯ ಗುಂಡಿಗೆ ಮರಳುತ್ತದೆ, ಈ ಕ್ರಮವನ್ನು ಎಲ್ಲ ಬ್ಯಾಂಕ್‌ಗಳಲ್ಲೂ ಒಂದೇ ರೀತಿ ಪಾಲಿಸಿದಾಗ ಕೈಗೆ ದಾರಿ ತಾನಾಗಿ ತಿಳಿಯುತ್ತದೆ. ಶಿಶುನಾಳ ಶರೀಫರ ತತ್ತ್ವಪದಕ್ಕೆ ಇಷ್ಟೊಂದು ಬೇಡ. ತಂಬೂರಿಯ ಶ್ರುತಿ ಹಿಡಿದ ಒಂದು ಮೆಮೊರಿ, ಪೇಟಿಯ ಟೋನ್ ಇರುವ ಇನ್ನೊಂದು ಸಾಕು. ಅಲ್ಲಿ ಹೆಚ್ಚು ನಾದಗಳನ್ನು ತುರುಕಿದಷ್ಟೂ ಪದದ ಅರ್ಥ ಮಸುಕಾಗುತ್ತದೆ.

ಹಾಡಿನ ಜೊತೆಗೆ ಗಾಯಕರ ಲೆಕ್ಕವೂ ಬೇಕು. ಒಂದೇ ಹಾಡನ್ನು ಒಬ್ಬರು ಕಪ್ಪು ಒಂದರಲ್ಲಿ, ಅಂದರೆ ಸಿ ಶಾರ್ಪ್ ಸ್ಕೇಲಿನಲ್ಲಿ, ಹಾಡಿದರೆ ಇನ್ನೊಬ್ಬರಿಗೆ ಅದು ಎರಡು ಮನೆ ಕೆಳಗೆ ಬೇಕಾಗಬಹುದು. ಟ್ರಾನ್ಸ್‌ಪೋಸ್ ಮೆಮೊರಿಯಲ್ಲಿ ಸೇರುವುದರಿಂದ ಇಬ್ಬರಿಗೂ ಬೇರೆ ಬೇರೆ ಬ್ಯಾಂಕ್ ಮಾಡಿ, ಹೆಸರಿನ ಕೊನೆಗೆ ಸ್ಕೇಲನ್ನು ಬರೆಯುವುದು ಒಳಿತು. ಇದರಲ್ಲೇ ಒಂದು ಅಪಾಯವೂ ಅಡಗಿದೆ: ಮುಂದಿನ ಹಾಡಿನ ಮೆಮೊರಿಯಲ್ಲಿ ಟ್ರಾನ್ಸ್‌ಪೋಸ್ ಸೊನ್ನೆಗೆ ಮರಳಿರದಿದ್ದರೆ ಹಿಂದಿನ ಹಾಡಿನ ಏರಿಳಿತ ಹಾಗೆಯೇ ಮುಂದುವರಿದು, ಗಾಯಕರು ಬಾಯಿ ತೆರೆದಾಗಲೇ ತಪ್ಪು ಬಯಲಾಗುತ್ತದೆ.

ತಾಳದ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಸ್ಟೈಲ್ ನುಡಿಯುತ್ತಿರುವಾಗ ಬೇರೆ ಸ್ಟೈಲಿರುವ ಮೆಮೊರಿಯನ್ನು ಒತ್ತಿದರೆ ವಾದ್ಯ ಸಾಮಾನ್ಯವಾಗಿ ಮುಂದಿನ ಬಾರ್‌ನ ಆರಂಭಕ್ಕೆ ಬದಲಾಗುತ್ತದೆ. ಬಾರ್ ಎಂದರೆ ಪಾಶ್ಚಾತ್ಯ ಪದ್ಧತಿಯಲ್ಲಿ ಲಯದ ಒಂದು ಘಟಕ, ಹೆಚ್ಚಿನ ಸ್ಟೈಲ್‌ಗಳಲ್ಲಿ ನಾಲ್ಕು ಎಣಿಕೆಯದು. ದಾದರಾ ಅಥವಾ ಕೇರವಾದಂಥ ಚಿಕ್ಕ ಆವರ್ತನದ ತಾಳಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹದಿನಾರು ಮಾತ್ರೆಗಳ ತೀನ್‌ತಾಲ ವಾದ್ಯದ ಪಾಲಿಗೆ ನಾಲ್ಕು ಬಾರ್‌ಗಳಷ್ಟೇ ಆಗಿದ್ದು, ಅವುಗಳಲ್ಲಿ ಆವರ್ತನ ಶುರುವಾಗುವ ಸಮ್ ಯಾವುದು, ಒತ್ತಿಲ್ಲದ ಖಾಲಿ ಯಾವುದು ಎಂಬ ಅರಿವು ಅದಕ್ಕಿಲ್ಲ. ವಾದಕರು ಆವರ್ತನದ ನಡುವೆ ಗುಂಡಿ ಒತ್ತಿದರೆ ಹೊಸ ಲಯ ಖಾಲಿಯ ಮೇಲೆಯೇ ಎದ್ದು ನಿಲ್ಲುತ್ತದೆ, ತಬಲಾ ವಾದಕರು ಜೊತೆಗಿದ್ದರೆ ಇಬ್ಬರ ದಾರಿಯೂ ತಪ್ಪುತ್ತದೆ. ಆದ್ದರಿಂದ ಸಮ್‌ಗೆ ಮುಂಚಿನ ಕೊನೆಯ ನಾಲ್ಕು ಮಾತ್ರೆಗಳೊಳಗೆ ಒತ್ತುವ ರೂಢಿಯನ್ನು ಅಭ್ಯಾಸದಲ್ಲೇ ಬೆಳೆಸಿಕೊಳ್ಳಬೇಕು. ಏಳು ಮಾತ್ರೆಯ ರೂಪಕಕ್ಕೆ ಸ್ಟೈಲುಗಳು ವಿರಳ. ಅಂಥ ಹಾಡಿಗೆ ಸ್ಟೈಲನ್ನು ಪೂರ್ತಿ ಬಿಟ್ಟು, ಟೋನ್‌ಗಳನ್ನು ಮಾತ್ರ ಮೆಮೊರಿ ಮಾಡಿ, ತಾಳವನ್ನು ತಬಲಾ ಅಥವಾ ರಿದಂ ಪ್ಯಾಡ್ ವಾದಕರಿಗೆ ಒಪ್ಪಿಸುವುದೇ ಉತ್ತಮ.

ಹಾಡಿನ ನಡುವೆ ಟೋನ್ ಬದಲಾಗಬೇಕು, ಲಯ ಮಾತ್ರ ಅಲುಗದೆ ನಡೆಯಬೇಕು ಎಂಬ ಸಂದರ್ಭವೇ ಹೆಚ್ಚು. ಮೆಮೊರಿಯಲ್ಲಿ ವೇಗವೂ ಸೇರಿರುವುದರಿಂದ, ಗಾಯಕರ ಹುಮ್ಮಸ್ಸಿಗೆ ತಕ್ಕಂತೆ ವೇದಿಕೆಯಲ್ಲಿ ತುಸು ಏರಿಸಿಕೊಂಡ ವೇಗ ಮುಂದಿನ ಗುಂಡಿ ಒತ್ತಿದೊಡನೆ ಮನೆಯಲ್ಲಿ ಕೂಡಿಟ್ಟ ವೇಗಕ್ಕೆ ಕುಸಿಯುತ್ತದೆ. ಇದನ್ನು ತಡೆಯಲು ಯಮಾಹಾ ವಾದ್ಯಗಳಲ್ಲಿ ಫ್ರೀಜ್ ಎಂಬ ಗುಂಡಿಯೂ, ಕೊರ್ಗ್ ವಾದ್ಯಗಳಲ್ಲಿ ಲಾಕ್ ಎಂಬ ವ್ಯವಸ್ಥೆಯೂ ಇವೆ: ಸ್ಟೈಲ್, ವೇಗ, ಟ್ರಾನ್ಸ್‌ಪೋಸ್ ಮುಂತಾದವುಗಳಲ್ಲಿ ಯಾವುದು ಬದಲಾಗಬಾರದೆಂದು ಮೊದಲೇ ಗೊತ್ತುಪಡಿಸಿದರೆ, ಮೆಮೊರಿ ಬದಲಾದರೂ ಅವು ಇದ್ದಲ್ಲಿಯೇ ನಿಲ್ಲುತ್ತವೆ. ಹಾಡು ಮುಗಿದ ಮೇಲೆ ಫ್ರೀಜನ್ನು ತೆಗೆಯಬೇಕೆಂಬುದನ್ನು ಮರೆತರೆ ಮುಂದಿನ ಹಾಡು ಹಳೆಯ ಹಾಡಿನ ಲಯದಲ್ಲಿ ಶುರುವಾಗುತ್ತದೆ.

ಧಾರವಾಡದಂಥ ಹಿಂದೂಸ್ತಾನಿ ಸಂಗೀತದ ನೆಲದಲ್ಲಿ ಕೀಬೋರ್ಡಿನ ಶ್ರುತಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಾರ್ಮೋನಿಯಂನ ಸ್ವರಗಳು ಸಮಾನ ಅಂತರದ ಹನ್ನೆರಡು ಭಾಗಗಳಾಗಿ ಸ್ಥಿರವಾಗಿರುವುದರಿಂದ ರಾಗದ ಸೂಕ್ಷ್ಮ ಶ್ರುತಿಗಳು ಅದರಲ್ಲಿ ಹೊಮ್ಮುವುದಿಲ್ಲವೆಂಬ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದದ್ದು ಆ ನಿಷೇಧದ ಕಾಲದಲ್ಲೇ. ಕೀಬೋರ್ಡಿಗೂ ಅದೇ ಆಕ್ಷೇಪ ಅನ್ವಯಿಸುತ್ತದೆ, ಆದರೆ ಪೇಟಿಗಿಲ್ಲದ ಒಂದು ದಾರಿ ಅದಕ್ಕಿದೆ. ಸ್ಕೇಲ್ ಟ್ಯೂನ್ ಎಂಬ ಅನುಕೂಲವಿರುವ ವಾದ್ಯಗಳಲ್ಲಿ ಹನ್ನೆರಡು ಸ್ವರಗಳಲ್ಲಿ ಪ್ರತಿಯೊಂದನ್ನೂ ಸೆಂಟ್ ಎಂಬ ಅಳತೆಯಲ್ಲಿ, ಅಂದರೆ ಅರ್ಧ ಸ್ವರದ ನೂರನೆಯ ಒಂದು ಭಾಗದಷ್ಟು ಸೂಕ್ಷ್ಮವಾಗಿ, ಏರಿಸಿ ಇಳಿಸಬಹುದು. ತಂಬೂರಿಯ ನಾದಕ್ಕೆ ಒಪ್ಪುವ ಶುದ್ಧ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ, ಶುದ್ಧ ಧೈವತ ಸುಮಾರು 16 ಸೆಂಟ್ ಕೆಳಗಿದೆ, ಕೋಮಲ ಗಾಂಧಾರ ಸುಮಾರು 16 ಸೆಂಟ್ ಮೇಲಿದೆ. ಪಂಚಮದಲ್ಲಿ ಮಾತ್ರ ವ್ಯತ್ಯಾಸ ಎರಡೇ ಸೆಂಟ್. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥವರು ಹಾಡಿ ತೋರಿಸಿದ ಹಾದಿಯಲ್ಲಿ ರಾಗಬದ್ಧವಾಗಿ ವಚನ ಹಾಡುವವರಿಗೆ ಸಾಥ್ ಕೊಡುವಾಗ, ಗಾಯಕರ ಷಡ್ಜವನ್ನು ಆಧಾರವಾಗಿ ಹಿಡಿದು ಈ ತಿದ್ದುಪಡಿಗಳನ್ನು ಮಾಡಿ ಒಂದು ಮೆಮೊರಿಯಲ್ಲಿ ಇರಿಸಿದರೆ, ತಂಬೂರಿಯ ಮೇಲೆ ಕುಳಿತ ಗಾಂಧಾರದ ನೆಮ್ಮದಿ ಕೇಳುಗರ ಕಿವಿಗೆ ಹೆಸರು ಗೊತ್ತಿಲ್ಲದೆಯೂ ತಲುಪುತ್ತದೆ. ಅದೇ ಶ್ರುತಿಯಲ್ಲಿ ಕಾರ್ಡ್‌ಗಳ ಮೇಲೆ ನಿಂತ ಚಿತ್ರಗೀತೆಯನ್ನು ನುಡಿಸಿದರೆ ಆಧಾರ ಸ್ವರ ಬದಲಾದಂತೆಲ್ಲ ಅಪಸ್ವರ ಕೇಳುವುದರಿಂದ, ಮುಂದಿನ ಹಾಡಿನ ಮೆಮೊರಿಯಲ್ಲಿ ಸಮಾನ ಅಂತರದ ಶ್ರುತಿಗೆ ಮರಳುವ ಹೊಂದಾಣಿಕೆ ಇದ್ದೇ ಇರಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಬಳಸುವ ಪಿಚ್ ಬೆಂಡ್ ಚಕ್ರ ಎಷ್ಟು ಸ್ವರ ದಾಟಬೇಕೆಂಬುದನ್ನೂ ಕೊಳಲಿಗೊಂದು, ಸಿತಾರಕ್ಕೊಂದು ಎಂದು ಬೇರೆಬೇರೆಯಾಗಿ ನಿಗದಿಪಡಿಸಬಹುದು. ಈ ಸೌಲಭ್ಯ ಇದ್ದೂ ಬಳಸದಿರುವುದು ದೊಡ್ಡ ನಷ್ಟವೆಂದೇ ಹೇಳಬೇಕು.

ಮನೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹೊಂದಿಸಿದ ಧ್ವನಿಮಟ್ಟ ಮೈದಾನದ ದೊಡ್ಡ ಸ್ಪೀಕರುಗಳಲ್ಲಿ ನಿಲ್ಲುವುದಿಲ್ಲ. ಹೆಡ್‌ಫೋನಿನಲ್ಲಿ ಇಂಪಾಗಿದ್ದ ಬೇಸ್ ಪೆಂಡಾಲಿನಲ್ಲಿ ಗುಡುಗುತ್ತದೆ, ಟೋನಿಗೆ ಸೇರಿಸಿದ ಪ್ರತಿಧ್ವನಿ ಕಲ್ಲುಗೋಡೆಯ ಸಭಾಗೃಹದ ಪ್ರತಿಧ್ವನಿಯೊಡನೆ ಸೇರಿ ಸಾಹಿತ್ಯವನ್ನು ನುಂಗುತ್ತದೆ. ಮುಖ್ಯ ಧ್ವನಿಗುಂಡಿಯನ್ನು ಒಂದು ನಿಶ್ಚಿತ ಸ್ಥಾನದಲ್ಲಿರಿಸಿ, ಎಲ್ಲ ಮೆಮೊರಿಗಳನ್ನೂ ಒಂದರ ನಂತರ ಒಂದು ನುಡಿಸಿ, ಗಾಯನದ ಹಿಂದಿನವು ಒಂದು ಮಟ್ಟದಲ್ಲೂ ಬಿಟ್‌ಗಳವು ಅದಕ್ಕಿಂತ ತುಸು ಮೇಲೂ ಇರುವಂತೆ ಸ್ಪೀಕರಿನ ಮೂಲಕವೇ ಕೇಳಿ ತಿದ್ದಿ ಮತ್ತೆ ಉಳಿಸಬೇಕು. ಈ ತಾಳೆ ಆಗಿರದಿದ್ದರೆ ಸೌಂಡ್ ಸಿಸ್ಟಂ ನೋಡಿಕೊಳ್ಳುವವರು ಹಾಡಿನುದ್ದಕ್ಕೂ ಮಿಕ್ಸರಿನ ಮೇಲೆ ಕೈಯಾಡಿಸುತ್ತಲೇ ಇರಬೇಕಾಗುತ್ತದೆ.

ಬದಲಿಸುವ ಕೆಲಸವನ್ನು ಕೈಯಿಂದ ಕಾಲಿಗೆ ದಾಟಿಸುವುದು ಸಾಧ್ಯ. ಅನೇಕ ವಾದ್ಯಗಳಲ್ಲಿ ಪೆಡಲನ್ನು ಒತ್ತಿದಾಗಲೆಲ್ಲ ಮುಂದಿನ ಮೆಮೊರಿಗೆ ಹೋಗುವಂತೆ ಅನುಕ್ರಮ ಕಟ್ಟಬಹುದಾಗಿದ್ದು, ಎರಡೂ ಕೈ ಬಿಡುವಿಲ್ಲದ ಹಾಡುಗಳಿಗೆ ಇದು ವರದಾನ. ಆದರೆ ಇಡೀ ಕಾರ್ಯಕ್ರಮವನ್ನು ಒಂದೇ ಅನುಕ್ರಮದಲ್ಲಿ ಪೋಣಿಸುವುದು ವಿವೇಕವಲ್ಲ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂಬ 2000ದ ಶಬ್ದಮಾಲಿನ್ಯ ನಿಯಮ ಜಾರಿಯಲ್ಲಿದ್ದು, ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ ಹಬ್ಬ-ಉತ್ಸವಗಳಿಗೆಂದು ಹನ್ನೆರಡರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದಾಗಿದೆ. ಅತಿಥಿಗಳ ಭಾಷಣ ಬೆಳೆದು ಕಾರ್ಯಕ್ರಮ ತಡವಾಗಿ ಶುರುವಾದರೆ ಹಾಡುಗಳು ಕಡಿತವಾಗುತ್ತವೆ, ಹಿಂದುಮುಂದಾಗುತ್ತವೆ. ಪೆಡಲಿನ ಅನುಕ್ರಮ ಹಾಡಿನೊಳಗೆ ಇರಲಿ, ಹಾಡಿನಿಂದ ಹಾಡಿಗೆ ಹೋಗುವುದು ಹೆಸರು ನೋಡಿ ಆಯ್ದುಕೊಳ್ಳುವ ಪಟ್ಟಿಯ ಮೂಲಕವೇ ನಡೆಯಲಿ. 2019ರಲ್ಲಿ ಬಂದ ಯಮಾಹಾ ಪಿಎಸ್‌ಆರ್-ಎಸ್‌ಎಕ್ಸ್ ಮಾದರಿಗಳ ಪ್ಲೇಲಿಸ್ಟ್, ಕೊರ್ಗ್‌ನ ಸಾಂಗ್‌ಬುಕ್ ಇದಕ್ಕೆಂದೇ ಇರುವಂಥವು.

ಕೂಡಿಟ್ಟದ್ದು ಕಳೆದುಹೋಗುವ ದಾರಿಗಳು ಹಲವು. ಉಳಿಸುವಾಗ ಗುಂಡಿಯಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ದೊಡ್ಡ ಮಾದರಿಗಳಲ್ಲಿ ಗುಂಡಿಗೆ ಸೇರಿಸಿದ ಮೇಲೆ ಬ್ಯಾಂಕನ್ನು ಕಡತವಾಗಿಯೂ ಉಳಿಸಬೇಕು, ಇಲ್ಲದಿದ್ದರೆ ಇನ್ನೊಂದು ಬ್ಯಾಂಕ್ ತೆರೆದಾಗ ಹಿಂದಿನ ಕೆಲಸ ಹೋಗುತ್ತದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತವೇ ಕೆಡಬಹುದಾದ್ದರಿಂದ, ಜನರೇಟರಿಗೆ ಬದಲಾಗುವ ಹೊತ್ತಿನಲ್ಲಿ ಏನನ್ನೂ ಉಳಿಸಬಾರದು. ಬಾಡಿಗೆಗೆ ಪಡೆದ ವಾದ್ಯ ಬೇರೆ ಕಂಪನಿಯದಾಗಿದ್ದರೆ ಒಂದರ ಮೆಮೊರಿ ಇನ್ನೊಂದರಲ್ಲಿ ತೆರೆಯುವುದೇ ಇಲ್ಲ. ಒಂದೇ ಕಂಪನಿಯ ಬೇರೆ ಮಾದರಿಯಲ್ಲೂ ಟೋನ್‌ಗಳು ಅದಲುಬದಲಾಗಬಹುದು. ಎರಡು ಪೆನ್‌ಡ್ರೈವ್‌ಗಳಲ್ಲಿ ಪ್ರತಿ, ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು, ಇವುಗಳ ಜೊತೆಗೆ ಹಾಡು, ಸ್ಕೇಲ್, ವೇಗ, ಟೋನ್‌ಗಳ ಹೆಸರುಗಳನ್ನು ಬರೆದ ನೋಟ್‌ಬುಕ್ಕೂ ಕೈಯಲ್ಲಿದ್ದರೆ ಯಾವ ವಾದ್ಯ ಸಿಕ್ಕರೂ ಗಂಟೆಯೊಳಗೆ ಅಗತ್ಯದ ಹಾಡುಗಳನ್ನಾದರೂ ಮರಳಿ ಕಟ್ಟಬಹುದು.

ಈ ಸಿದ್ಧತೆ ಫಲಿಸಬೇಕಾದರೆ ವಾದಕರ ಶ್ರಮದೊಂದಿಗೆ ಇತರರ ಸಹಕಾರವೂ ಕೂಡಬೇಕು. ಅವಳಿ ನಗರದಲ್ಲಿ ಕೀಬೋರ್ಡ್ ಕಲಿಸುವ ಶಾಲೆಗಳು ಸ್ವರಾಭ್ಯಾಸದೊಂದಿಗೆ ಮೆಮೊರಿ ಕಟ್ಟುವುದನ್ನೂ ಪಾಠದಲ್ಲಿ ಸೇರಿಸಲಿ. ಗಾಯಕರು ತಮ್ಮ ಹಾಡುಗಳ ಪಟ್ಟಿಯನ್ನೂ ಸ್ಕೇಲನ್ನೂ ಕಾರ್ಯಕ್ರಮದ ದಿನ ವೇದಿಕೆಯ ಮೆಟ್ಟಿಲಲ್ಲಿ ಹೇಳುವ ಬದಲು ವಾರ ಮುಂಚಿತವಾಗಿ ತಿಳಿಸಲಿ. ಸಂಘಟಕರು ಸಭಿಕರು ಬರುವ ಮೊದಲು ಸೌಂಡ್ ಸಿಸ್ಟಂನೊಂದಿಗೆ ಒಂದು ಗಂಟೆಯ ಅವಕಾಶವನ್ನು ವಾದಕರಿಗೆ ತಪ್ಪದೆ ಕೊಡಲಿ.